ಎದ್ದರೆ ತಲೆಸುತ್ತು, ಸಂಜೆಯಾದರೆ ಗೊಂದಲ: ಅವ್ವನ ಮಾತ್ರೆ ನಿಲ್ಲಿಸಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಚಳ್ಳಕೆರೆ ತಾಲೂಕಿನ ಹಳ್ಳಿಯವರು. ನಮ್ಮ ಅವ್ವಗೆ 67 ವರ್ಷ. ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಆಮೇಲೆ ಅವ್ವ ಊಟ ಬಿಟ್ಟಳು, ನಿದ್ದೆ ಹೋಯಿತು, ಮಾತೇ ಕಡಿಮೆಯಾಯಿತು. ಏಳು ವಾರದ ಹಿಂದೆ ಮನೋವೈದ್ಯರಿಗೆ ತೋರಿಸಿದೆವು. ಬೆಳಿಗ್ಗೆಗೆ ಎಸ್ಸಿಟಾಲೊಪ್ರಾಮ್ 10, ರಾತ್ರಿಗೆ ಕ್ಲೊನಾಜೆಪಾಮ್ 0.5 ಬರೆದುಕೊಟ್ಟರು. ನಿದ್ದೆ ಸರಿಯಾಗಲಿಲ್ಲ ಅಂತ ನಾಲ್ಕು ವಾರದ ಹಿಂದೆ ರಾತ್ರಿಗೆ ಕ್ವೆಟಿಯಾಪಿನ್ 50 ಸೇರಿಸಿದರು. ಬಿಪಿ ಮಾತ್ರೆ, ಶುಗರ್ ಮಾತ್ರೆ ಮೊದಲಿಂದಲೂ ಇವೆ. ಮಂಡಿ ನೋವಿಗೆ, ನೆಗಡಿಗೆ ಊರಿನ ಮೆಡಿಕಲ್ ಶಾಪಿನಿಂದ ಆಗಾಗ ಮಾತ್ರೆ ತರಿಸಿಕೊಳ್ಳುತ್ತಾಳೆ. ಮೂರು ವಾರದಿಂದ ಎದ್ದು ನಿಂತರೆ ತಲೆ ಸುತ್ತು ಅಂತಾಳೆ. ಹತ್ತು ದಿನದ ಹಿಂದೆ ಬಚ್ಚಲಲ್ಲಿ ಬಿದ್ದಳು. ತಲೆ ಗೋಡೆಗೆ ತಾಗಿತು, ಗಾಯ ಏನೂ ಆಗಲಿಲ್ಲ. ಈಗ ಒಂದು ವಾರದಿಂದ ಸಂಜೆಯಾದರೆ "ನಿಮ್ಮಪ್ಪ ಹೊಲದಿಂದ ಬಂದ್ರಾ?" ಅಂತ ಕೇಳುತ್ತಾಳೆ. ಬೆಳಿಗ್ಗೆ ಚೆನ್ನಾಗೇ ಇರುತ್ತಾಳೆ. ನೆಂಟರೆಲ್ಲ "ತಲೆ ಮಾತ್ರೆ ಕೊಟ್ಟು ಬುದ್ಧಿ ಮಂಕು ಮಾಡಿದ್ರಿ, ಎಲ್ಲಾ ನಿಲ್ಲಿಸಿ" ಅಂತಿದ್ದಾರೆ. ನಿಲ್ಲಿಸಬೇಕಾ? ಅವ್ವ ಅಪ್ಪನನ್ನು ಕೇಳಿದಾಗ ನಾವು ಏನು ಹೇಳಬೇಕು?

ಉತ್ತರ: ಅವ್ವನನ್ನು ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವ್ವ ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೊರಡಿ, ಈ ಉತ್ತರದ ಉಳಿದ ಭಾಗವನ್ನು ದಾರಿಯಲ್ಲಿ ಓದಬಹುದು. ಚಿತ್ರದುರ್ಗಕ್ಕೋ ದಾವಣಗೆರೆಗೋ, ನಿಮಗೆ ಯಾವುದು ಬೇಗ ಆಗುತ್ತದೋ ಅಲ್ಲಿಗೆ. ಆದರೆ ಸಿಟಿ ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ಎರಡೂ ಇರುವ ಕಡೆಗೆ ಹೋಗಿ.

ಯಾಕೆ ಇಷ್ಟು ಅವಸರ ಅಂದರೆ, ನೀವು ಬರೆದ ದಿನಗಳ ಲೆಕ್ಕವನ್ನೇ ಇನ್ನೊಂದು ಸಲ ನೋಡಿ. ತಲೆಸುತ್ತು ಮೂರು ವಾರದಿಂದ. ಬಿದ್ದದ್ದು ಹತ್ತು ದಿನದ ಹಿಂದೆ. ಗೊಂದಲ ಶುರುವಾದದ್ದು ಒಂದು ವಾರದಿಂದ. ಅಂದರೆ ಗೊಂದಲ ಬಂದದ್ದು ಬಿದ್ದ ಮೇಲೆ. ನೆಂಟರು ಮಾತ್ರೆಯನ್ನು ದೂರುತ್ತಿದ್ದಾರೆ, ನೀವೂ ಅದನ್ನೇ ಯೋಚಿಸುತ್ತಿದ್ದೀರಿ, ಗೋಡೆಗೆ ತಲೆ ತಾಗಿದ ಮಾತು ಮಧ್ಯದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗಿದೆ. ನನಗೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅದೇ ಸಾಲು.

ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗುತ್ತದೆ. ತಲೆಬುರುಡೆಗೂ ಮಿದುಳಿಗೂ ನಡುವೆ ಜಾಗ ಜಾಸ್ತಿಯಾಗುತ್ತದೆ, ಅಲ್ಲಿರುವ ಸಣ್ಣ ರಕ್ತನಾಳಗಳು ಎಳೆದಂತೆ ಇರುತ್ತವೆ. ಸಣ್ಣ ಪೆಟ್ಟಿಗೂ ಅವು ಹರಿಯಬಹುದು. ಹೊರಗೆ ಒಂದು ಹನಿ ರಕ್ತ ಕಾಣುವುದಿಲ್ಲ, ಒಳಗೆ ನಿಧಾನವಾಗಿ ಸೇರುತ್ತಾ ಹೋಗುತ್ತದೆ, ಕೆಲವು ದಿನ ಅಥವಾ ಕೆಲವು ವಾರ ಕಳೆದ ಮೇಲೆ ಗೊಂದಲ, ತಲೆನೋವು, ನಿದ್ದೆಗಣ್ಣು, ಒಂದು ಕಾಲು ಎಳೆಯುವುದು ಹೀಗೆ ತೋರಿಸಿಕೊಳ್ಳುತ್ತದೆ. ಅವ್ವಗೆ ಹೀಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಇದನ್ನು ಸ್ಕ್ಯಾನ್ ಮಾಡದೆ ಪಕ್ಕಕ್ಕಿಡಲು ಆಗುವುದಿಲ್ಲ. ಅವರು ರಕ್ತ ತೆಳು ಮಾಡುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ, ಹೃದಯಕ್ಕೆ ಅಂತ ಕೊಡುವ ಆಸ್ಪಿರಿನ್ ಕೂಡ ಇದರಲ್ಲಿ ಬರುತ್ತದೆ, ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಆ ಚೀಲದ ಬಗ್ಗೆ ಒಂದು ಮಾತು. ಮನೆಯಲ್ಲಿ ಅವ್ವ ನುಂಗುವ ಪ್ರತಿಯೊಂದು ಮಾತ್ರೆಯ ಶೀಟನ್ನೂ ಅದಕ್ಕೆ ಹಾಕಿ. ಮನೋವೈದ್ಯರ ಮಾತ್ರೆ ಮಾತ್ರ ಅಲ್ಲ. ಬಿಪಿದು, ಶುಗರ್‌ದು, ಮಂಡಿ ನೋವಿಂದು, ನೆಗಡಿದು, ದಿಂಬಿನ ಕೆಳಗೆ ಇಟ್ಟುಕೊಂಡಿರುವುದು, ಪಕ್ಕದ ಮನೆಯವರು ಕೊಟ್ಟದ್ದು, ನಾಟಿ ಔಷಧಿ ಪುಡಿ, ಎಲ್ಲಾ. ಚೀಟಿ ಕಳೆದಿದ್ದರೂ ಪರವಾಗಿಲ್ಲ, ಶೀಟಿನ ಮೇಲೆ ಹೆಸರು ಇರುತ್ತದೆ.

ಈಗ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮನೋರೋಗದ ಮಾತ್ರೆಗಳಿಂದ ತಲೆಸುತ್ತು ಬರಬಹುದು, ಗೊಂದಲವೂ ಬರಬಹುದು, ಅದರಲ್ಲೂ 60 ದಾಟಿದವರಿಗೆ ಜಾಸ್ತಿ. ಇದನ್ನು ಮುಚ್ಚಿಟ್ಟು "ಏನೂ ಆಗಲ್ಲ, ನುಂಗಿ" ಅನ್ನುವುದು ತಪ್ಪು. ಹಾಗಂತ ಎಲ್ಲವನ್ನೂ ಒಂದೇ ದಿನ ಕಿಟಕಿಯಿಂದ ಆಚೆ ಎಸೆಯುವುದೂ ತಪ್ಪು. ಯಾವ ಮಾತ್ರೆ, ಯಾವ ಹೊತ್ತಿನಲ್ಲಿ, ಯಾವುದರ ಜೊತೆ ಸೇರಿ ತೊಂದರೆ ಕೊಡುತ್ತಿದೆ ಅಂತ ಹುಡುಕಬೇಕು. ಅದಕ್ಕೆ ನಿಮ್ಮ ಮನೆಯ ಗೋಡೆ ಮೇಲಿನ ಕ್ಯಾಲೆಂಡರ್ ಸಾಕು. ಹಾಲಿನ ಲೆಕ್ಕ, ಆಳಿನ ಲೆಕ್ಕ ಬರೆಯುತ್ತೀರಲ್ಲ, ಅದೇ ಚೌಕದಲ್ಲಿ ಮಾತ್ರೆ ಶುರುವಾದ ದಿನ, ತಲೆ ಸುತ್ತಿದ ಹೊತ್ತು, ಗೊಂದಲ ಆದ ಹೊತ್ತು ಬರೆಯಿರಿ. ಹತ್ತು ನಿಮಿಷ ನನ್ನ ಮುಂದೆ ಕೂತು ನೆನಪು ಮಾಡಿಕೊಳ್ಳುವುದಕ್ಕಿಂತ ಇಂಥ ಒಂದು ಹಾಳೆ ನನಗೆ ಎಷ್ಟೋ ಜಾಸ್ತಿ ಹೇಳುತ್ತದೆ.

ನೀವು ಬರೆದ ಲೆಕ್ಕದ ಪ್ರಕಾರ ಕ್ವೆಟಿಯಾಪಿನ್ ಸೇರಿಸಿ ಒಂದು ವಾರಕ್ಕೆ ತಲೆಸುತ್ತು ಬಂದಿದೆ. ಇದು ಹೊಂದುತ್ತದೆ. ನಾವು ಮಲಗಿದ್ದವರು ಎದ್ದು ನಿಂತ ಕೂಡಲೇ ಅರ್ಧ ಲೀಟರ್‌ಗಿಂತ ಜಾಸ್ತಿ ರಕ್ತ ಹೊಟ್ಟೆಗೆ, ಕಾಲಿಗೆ ಇಳಿಯುತ್ತದೆ. ಆಗ ರಕ್ತನಾಳಗಳು ತಾವಾಗಿಯೇ ಬಿಗಿಯಾಗಿ ರಕ್ತವನ್ನು ಮೇಲಕ್ಕೆ ತಳ್ಳಬೇಕು. ಕ್ವೆಟಿಯಾಪಿನ್ ಈ ಬಿಗಿಯನ್ನು ಸಡಿಲ ಮಾಡುತ್ತದೆ. ಮೋಟರ್ ಓಡುತ್ತಿದ್ದರೂ ಪ್ರೆಷರ್ ಸಾಲದೆ ಮೇಲಿನ ಟ್ಯಾಂಕಿಗೆ ನೀರು ಏರುವುದಿಲ್ಲ ಅಲ್ವಾ, ಹಾಗೆ. ಕಣ್ಣು ಕತ್ತಲೆ ಬರುತ್ತದೆ, ಕಾಲು ಕುಸಿಯುತ್ತದೆ. ರಿಸ್ಪೆರಿಡೋನ್, ಕ್ಲೋಜಪೈನ್, ಅಮಿಟ್ರಿಪ್ಟಿಲಿನ್, ಟ್ರಾಜೊಡೋನ್ ಇವುಗಳಿಂದಲೂ ಹೀಗಾಗಬಹುದು. ಗಂಡಸರಾದರೆ ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಜೊತೆ ಸೇರಿದಾಗ ಇನ್ನೂ ಜಾಸ್ತಿ.

ಇದನ್ನು ಮನೆಯಲ್ಲೇ ನೋಡಬಹುದು. ಬಿಪಿ ಮಷಿನ್ ಇದ್ದರೆ ಅವ್ವನನ್ನು ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ. ಆಮೇಲೆ ನಿಲ್ಲಿಸಿ, ಒಬ್ಬರು ತೋಳು ಹಿಡಿದುಕೊಂಡಿರಿ, ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಒಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ತಲೆಸುತ್ತಿಗೆ ಕಾರಣ ಸಿಕ್ಕಂತೆ. ಎಷ್ಟೋ ಕಡೆ ಕುರ್ಚಿಯಲ್ಲಿ ಕೂರಿಸಿ ಒಂದೇ ಸಲ ಬಿಪಿ ನೋಡಿ "ನಾರ್ಮಲ್ ಇದೆ" ಅಂತ ಕಳಿಸಿಬಿಡುತ್ತಾರೆ. ಕೂತಾಗ ನಾರ್ಮಲ್ ಇರುವವರೇ ನಿಂತಾಗ ಬೀಳುವುದು. ಆದ್ದರಿಂದ ನೀವೇ ಕೇಳಿ: "ಸಾರ್, ನಿಲ್ಲಿಸಿ ಒಂದು ಸಲ ನೋಡ್ತೀರಾ?" ಹೀಗೆ ಕೇಳಲು ಸಂಕೋಚ ಬೇಡ.

ಇನ್ನೊಂದು ಮಾತು, ಹಂಡೆ ನೀರಿನ ಸ್ನಾನ. ಬಚ್ಚಲಲ್ಲಿ ಬಿದ್ದರು ಅಂದಿರಿ. ನಮ್ಮ ಕಡೆ ಹಿರಿಯರಿಗೆ ಕುದಿಯುವಷ್ಟು ಬಿಸಿನೀರು ಬೇಕು, ಮಣೆ ಮೇಲೆ ಕೂತು ಮೈತುಂಬ ಸುರಿದುಕೊಂಡು, ಮುಗಿದ ಕೂಡಲೇ ದಡಕ್ಕನೆ ಏಳುತ್ತಾರೆ. ಬಿಸಿನೀರಿಗೆ ರಕ್ತನಾಳ ಮೊದಲೇ ಹಿಗ್ಗಿರುತ್ತದೆ, ಮಾತ್ರೆ ಅದನ್ನು ಇನ್ನೂ ಸಡಿಲ ಮಾಡಿರುತ್ತದೆ. ಸ್ವಲ್ಪ ದಿನ ಉಗುರುಬೆಚ್ಚಗಿನ ನೀರು ಸಾಕು, ಮಣೆ ಬದಲು ಎತ್ತರದ ಪ್ಲಾಸ್ಟಿಕ್ ಸ್ಟೂಲ್ ಇಡಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೇಡ ಅಂತ ಹೇಳಿ.

ಆದರೆ ಗೊಂದಲಕ್ಕೆ ಕ್ವೆಟಿಯಾಪಿನ್ ಒಂದನ್ನೇ ಹಿಡಿದುಕೊಂಡು ಕೂರಬೇಡಿ. ಇಲ್ಲಿ ಸೋಡಿಯಂ ಅನ್ನುವ ಇನ್ನೊಂದು ವಿಷಯವಿದೆ, ನಾನು ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಸ್ಸಿಟಾಲೊಪ್ರಾಮ್ ಖಿನ್ನತೆಗೆ ಕೊಡುವ ಒಳ್ಳೆಯ ಮಾತ್ರೆ, ನಾನೂ ದಿನಾ ಬರೆಯುತ್ತೇನೆ. ಆದರೆ ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಕೆಲವೊಮ್ಮೆ ದೇಹ ನೀರನ್ನು ಹಿಡಿದಿಟ್ಟುಕೊಳ್ಳುವ ಹಾಗೆ ಮಾಡುತ್ತದೆ. ನೀರು ಜಾಸ್ತಿಯಾಗಿ ರಕ್ತದಲ್ಲಿ ಉಪ್ಪಿನ ಅಂಶ ತೆಳುವಾಗುತ್ತದೆ. ಸಾಮಾನ್ಯವಾಗಿ ಮಾತ್ರೆ ಶುರುವಾದ ಮೊದಲ ಕೆಲವು ವಾರಗಳಲ್ಲೇ ಹೀಗಾಗುತ್ತದೆ. ಸೆರ್ಟ್ರಾಲಿನ್, ಫ್ಲೂಆಕ್ಸೆಟಿನ್ ಎಲ್ಲವೂ ಇದೇ ಗುಂಪು. ಈಗ ಅವ್ವನ ಬಿಪಿ ಮಾತ್ರೆಯ ಶೀಟ್ ತಿರುಗಿಸಿ ನೋಡಿ. ಟೆಲ್ಮಿಸಾರ್ಟಾನ್ ಅಥವಾ ಇನ್ಯಾವುದೋ ಹೆಸರಿನ ಜೊತೆ "ಹೈಡ್ರೋಕ್ಲೋರೋಥಯಾಜೈಡ್" ಅಥವಾ "ಕ್ಲೋರ್‌ಥಾಲಿಡೋನ್" ಅಂತ ಇದೆಯಾ? ಅದು ಮೂತ್ರ ಜಾಸ್ತಿ ಮಾಡಿಸುವ ಔಷಧಿ. ಅದೂ ಸೋಡಿಯಂ ಇಳಿಸುತ್ತದೆ. ಬೇರೆ ಬೇರೆ ಡಾಕ್ಟರು, ಬೇರೆ ಬೇರೆ ಕಾಯಿಲೆಗೆ ಸರಿಯಾಗಿಯೇ ಬರೆದ ಎರಡು ಮಾತ್ರೆಗಳು ಒಂದೇ ಹೊಟ್ಟೆಯಲ್ಲಿ ಸೇರಿದಾಗ ಸೋಡಿಯಂ ಎರಡೂ ಕಡೆಯಿಂದ ಇಳಿಯುತ್ತದೆ.

ನನ್ನ ಕೆಲಸದ ಮೊದಲ ವರ್ಷಗಳಲ್ಲಿ ನಾನೇ ಇಂಥ ತಪ್ಪು ಮಾಡಿದ್ದೇನೆ. ಜಗಳೂರು ಕಡೆಯ ಅಜ್ಜಿ ಒಬ್ಬರು ಮಂಕಾಗಿ ಕೂತಿದ್ದರು. ಖಿನ್ನತೆ ಜಾಸ್ತಿಯಾಗಿದೆ ಅಂದುಕೊಂಡು ಮಾತ್ರೆಯ ಪ್ರಮಾಣ ಏರಿಸಿದೆ. ಬಿಪಿಗೆ ಏನು ನುಂಗುತ್ತಿದ್ದಾರೆ ಅಂತ ಕೇಳಲೇ ಇಲ್ಲ. ನಾಲ್ಕು ದಿನಕ್ಕೆ ಮೊಮ್ಮಗ ಅವರನ್ನು ಎತ್ತಿಕೊಂಡು ಬಂದ, ಸೋಡಿಯಂ ನೋಡಿದರೆ 118. ಸದ್ಯ, ಅಜ್ಜಿ ಉಳಿದರು. ಅವತ್ತಿನಿಂದ ಚೀಲ ಬಿಚ್ಚಿಸದೆ ನಾನು ಯಾರಿಗೂ ಮಾತ್ರೆ ಬರೆದಿಲ್ಲ.

ಲ್ಯಾಬಿನಲ್ಲಿ "ಎಲೆಕ್ಟ್ರೋಲೈಟ್ಸ್" ಅಂತ ಕೇಳಿದರೆ ಈ ಪರೀಕ್ಷೆ ಮಾಡುತ್ತಾರೆ. ಸೋಡಿಯಂ 135ರಿಂದ 145ರ ಒಳಗೆ ಇರಬೇಕು. ಇಳಿದಾಗ ಮೊದಲು ಸುಸ್ತು, ತಲೆನೋವು, ವಾಕರಿಕೆ, ಓಲಾಟ. 125ಕ್ಕಿಂತ ಕೆಳಗೆ ಹೋದರೆ ಗೊಂದಲ, ಫಿಟ್ಸ್‌ವರೆಗೂ ಹೋಗಬಹುದು. ಸೋಡಿಯಂ ಇಳಿದಿದೆ ಅಂತ ಗೊತ್ತಾದರೆ ಮನೆಯಲ್ಲಿ ಮಜ್ಜಿಗೆಗೆ ಮುಷ್ಟಿ ಉಪ್ಪು ಹಾಕಿ ಕುಡಿಸಬೇಡಿ, ಬಿಪಿ ಏರುತ್ತದೆ. "ಬಿಸಿಲು ಜಾಸ್ತಿ, ನೀರು ಕುಡಿ" ಅಂತ ತಂಬಿಗೆಗಟ್ಟಲೆ ನೀರನ್ನೂ ಕುಡಿಸಬೇಡಿ, ಸೋಡಿಯಂ ಇನ್ನೂ ತೆಳುವಾಗುತ್ತದೆ. ನೋಡಿ, ತಲೆಸುತ್ತು ನೀರಿನ ಕೊರತೆಯಿಂದ ಬಂದಿದ್ದರೆ ನೀರು ಕೊಡಬೇಕು, ಸೋಡಿಯಂ ಇಳಿದು ಬಂದಿದ್ದರೆ ಬಹಳ ಸಲ ನೀರು ಕಡಿಮೆ ಮಾಡಬೇಕು. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಊಹೆ ಬೇಡ, ರಕ್ತ ಪರೀಕ್ಷೆ ಬೇಕು ಅಂತ ಇಷ್ಟು ಒತ್ತಿ ಹೇಳುತ್ತಿರುವುದು. ಸರಿಪಡಿಸುವುದನ್ನೂ ಆಸ್ಪತ್ರೆಯಲ್ಲಿ ನಿಧಾನವಾಗಿ ಮಾಡಬೇಕು. ದಡಬಡ ಏರಿಸಿದರೆ ಮಿದುಳಿಗೆ ಹಾನಿ.

ಸಂಜೆ ಹೊತ್ತಿಗೇ ಗೊಂದಲ ಅಂದಿರಲ್ಲ, ಆಗ ಶುಗರ್ ಎಷ್ಟಿರುತ್ತದೆ ನೋಡಿದ್ದೀರಾ? ಅವ್ವ ಊಟ ಕಡಿಮೆ ಮಾಡಿದ್ದಾರೆ, ಆದರೆ ಶುಗರ್ ಮಾತ್ರೆ ಮೊದಲಿನಷ್ಟೇ ನಡೆದಿದೆ. ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಇರುವ ಮಾತ್ರೆಯಾದರೆ ಮುದ್ದೆ ಉಣ್ಣದಿದ್ದರೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಸೋಮವಾರ ಒಪ್ಪತ್ತು ಇರುವ ಅಭ್ಯಾಸವಿದ್ದರಂತೂ ಇನ್ನೂ ಕಷ್ಟ. ಗೊಂದಲ ಕಂಡ ಹೊತ್ತಿನಲ್ಲೇ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದು, ನುಂಗುವಷ್ಟು ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಈ ಮಾತ್ರೆಗಳಿಂದ ಇಳಿದ ಶುಗರ್ ಏರಿದ ಮೇಲೂ ಮತ್ತೆ ಇಳಿಯಬಹುದು, ಆದ್ದರಿಂದ ಸಕ್ಕರೆ ನೀರು ಕೊಟ್ಟು ಸುಮ್ನಾಗಬೇಡಿ, ಡಾಕ್ಟರಿಗೆ ತೋರಿಸಿ.

ಕ್ಲೊನಾಜೆಪಾಮ್ ಬಗ್ಗೆ ಜನ "ಅದು ನಿದ್ದೆ ಮಾತ್ರೆ, ಬೆಳಿಗ್ಗೆಗೆ ಇಳಿದುಹೋಗುತ್ತದೆ" ಅಂದುಕೊಂಡಿರುತ್ತಾರೆ. ಇಳಿಯುವುದಿಲ್ಲ. ಒಂದು ಹಗಲು ಒಂದು ರಾತ್ರಿ ಕಳೆದರೂ ಅರ್ಧದಷ್ಟು ದೇಹದಲ್ಲೇ ಇರುತ್ತದೆ. ಹಿರಿಯರಲ್ಲಿ ನಡಿಗೆ ಓಲಾಡುವುದು, ಈಗ ಹೇಳಿದ್ದು ಈಗ ಮರೆಯುವುದು ಇದರಿಂದ ಆಗಬಹುದು. ಹಾಗಂತ ಏಳು ವಾರ ನುಂಗಿದ್ದನ್ನು ಒಂದೇ ದಿನ ನಿಲ್ಲಿಸಿದರೆ ನಿದ್ದೆ ಪೂರ್ತಿ ಹಾರುತ್ತದೆ, ಕೈ ನಡುಕ, ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಇದನ್ನು ಸ್ವಲ್ಪ ಸ್ವಲ್ಪ ಇಳಿಸುತ್ತಾ ಬಿಡಿಸಬೇಕು, ಎಷ್ಟು ದಿನಕ್ಕೆ ಎಷ್ಟು ಅನ್ನುವುದನ್ನು ನಿಮ್ಮ ಮನೋವೈದ್ಯರೇ ಬರೆದುಕೊಡಲಿ. ಎಸ್ಸಿಟಾಲೊಪ್ರಾಮ್ ಅನ್ನು ದಿಢೀರ್ ಬಿಟ್ಟರೂ ತಲೆಸುತ್ತು ಬರುತ್ತದೆ, ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಅನಿಸುತ್ತದೆ. ಎಷ್ಟೋ ಜನ ತಲೆಸುತ್ತು ಅಂತ ಮಾತ್ರೆ ಬಿಡುತ್ತಾರೆ, ಬಿಟ್ಟದ್ದಕ್ಕೆ ಬಂದ ತಲೆಸುತ್ತನ್ನು ನೋಡಿ "ನೋಡಿದ್ರಾ, ಮಾತ್ರೆಯ ವಿಷ ಇನ್ನೂ ಇಳಿದಿಲ್ಲ" ಅನ್ನುತ್ತಾರೆ.

ಇಷ್ಟಾದರೂ ಒಂದು ವಿಷಯ ನೆನಪಿಡಿ. ಅವ್ವ ರಾತ್ರಿ ಮಾತ್ರೆ ಹೊತ್ತಿಗೆ ಎಬ್ಬಿಸಿದರೂ ಸರಿಯಾಗಿ ಏಳದಷ್ಟು ಮಂಪರಿನಲ್ಲಿದ್ದರೆ ಬಾಯಿಗೆ ಯಾವ ಮಾತ್ರೆಯನ್ನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಜ್ವರ ಜೋರಾಗಿ ಬಂದು ಕೈಕಾಲು ಮರದ ಹಾಗೆ ಬಿಗಿಯಾದರೆ, ಪದೇ ಪದೇ ವಾಂತಿಯಾದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಬಾಯಿ ಒಂದು ಕಡೆಗೆ ವಾಲಿದರೆ, ಆಗಲೂ ಅಷ್ಟೇ. ಬೆಳಗಾಗಲಿ ಅಂತ ಕಾಯಬೇಡಿ.

ಮೆಡಿಕಲ್ ಶಾಪಿನ ಮಾತ್ರೆಗಳನ್ನೂ ಬಿಡುವ ಹಾಗಿಲ್ಲ. ನೆಗಡಿ ಮಾತ್ರೆಗಳಲ್ಲಿ ಬಹಳಷ್ಟು ಸಲ ಕ್ಲೋರ್‌ಫೆನಿರಮೈನ್ ಇರುತ್ತದೆ. ಅದು ನಿದ್ದೆ ಬರಿಸುತ್ತದೆ, ಬಾಯಿ ಒಣಗಿಸುತ್ತದೆ, ಮಲ ಕಟ್ಟಿಸುತ್ತದೆ, ಮೂತ್ರ ತಡೆಯುತ್ತದೆ, ವಯಸ್ಸಾದವರಿಗೆ ಬುದ್ಧಿಯನ್ನೂ ಮಸುಕು ಮಾಡುತ್ತದೆ. ಕೈ ನಡುಕಕ್ಕೆ ಮನೋವೈದ್ಯರು ಕೊಡುವ ಟ್ರೈಹೆಕ್ಸಿಫೆನಿಡಿಲ್ ಕೂಡ ಹಾಗೇ. ಮಂಡಿ ನೋವಿನ ಮಾತ್ರೆಯಲ್ಲಿ ಟ್ರಮಡಾಲ್ ಇದ್ದರೆ ಅದು ಎಸ್ಸಿಟಾಲೊಪ್ರಾಮ್ ಜೊತೆ ಹೊಂದುವುದಿಲ್ಲ, ಬೆವರು, ನಡುಕ, ಗಾಬರಿ, ಗೊಂದಲ ಬರಬಹುದು. ಅವ್ವಗೆ ಮೂತ್ರ ಸರಿಯಾಗಿ ಹೋಗುತ್ತಿದೆಯಾ, ಉರಿ ಇದೆಯಾ, ಮಲ ಆಗಿ ಎಷ್ಟು ದಿನವಾಯಿತು, ಇದನ್ನು ನಿಮ್ಮ ಹೆಂಡತಿಯೋ ತಂಗಿಯೋ ಕೇಳಲಿ. ಮಗನ ಹತ್ತಿರ ಹೇಳಿಕೊಳ್ಳುವುದಿಲ್ಲ ಅವರು. ಮೂತ್ರದ ಸೋಂಕು ಒಂದೇ ಸಾಕು ಈ ವಯಸ್ಸಿನಲ್ಲಿ ದಿಕ್ಕು ತಪ್ಪಿಸುವುದಕ್ಕೆ.

ಇದೇ ಪ್ರಶ್ನೆಯನ್ನು ಬೇರೆ ಮಾತ್ರೆ ತೆಗೆದುಕೊಳ್ಳುವವರೂ ಓದುತ್ತಾರೆ. ಅದಕ್ಕೇ ಮನಸ್ಸಿನ ಏರಿಳಿತದ ಕಾಯಿಲೆಗೆ (ಬೈಪೋಲಾರ್) ಕೊಡುವ ಲಿಥಿಯಂ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು ಲಿಥಿಯಂ ನುಂಗುತ್ತಿದ್ದರೆ ನೀರು ತಪ್ಪಿಸಬಾರದು. ಬೆವರು, ಭೇದಿ, ವಾಂತಿಯಿಂದ ನೀರು ಕಡಿಮೆಯಾದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ, ಮೇಲೆ ಹೇಳಿದ ಮೂತ್ರದ ಮಾತ್ರೆ ಇವೆಲ್ಲ ಅದನ್ನು ಏರಿಸುತ್ತವೆ. ರಕ್ತ ಪರೀಕ್ಷೆಯಲ್ಲಿ ಲಿಥಿಯಂ ಮಟ್ಟವನ್ನು ಸಾಮಾನ್ಯವಾಗಿ 0.6ರಿಂದ 1.0ರವರೆಗೆ ಇಟ್ಟುಕೊಳ್ಳುತ್ತೇವೆ, ಹಿರಿಯರಿಗೆ ಇನ್ನೂ ಕಡಿಮೆ. 1.5 ದಾಟಿದರೆ ವಿಷದ ಲಕ್ಷಣ ಶುರು: ಕೈ ಜೋರಾಗಿ ನಡುಗುವುದು, ಭೇದಿ, ಕುಡಿದವರ ಹಾಗೆ ಓಲಾಟ, ತೊದಲು ಮಾತು. ಹೀಗೆ ಕಂಡರೆ ಮುಂದಿನ ಲಿಥಿಯಂ ಮಾತ್ರೆ ನುಂಗದೆ ನೇರ ಆಸ್ಪತ್ರೆಗೆ ಹೋಗಬೇಕು.

"ಇದು ಅರಳುಮರಳಾ ಡಾಕ್ಟ್ರೇ?" ಅಂತಲೂ ನಿಮ್ಮ ಮನಸ್ಸಿನಲ್ಲಿ ಇರಬಹುದು. ಅರಳುಮರಳು ಅಂದರೆ ಮರೆವಿನ ಕಾಯಿಲೆ, ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಒಂದು ವಾರದಲ್ಲಿ ಬಂದದ್ದು, ಬೆಳಿಗ್ಗೆ ಸರಿ ಇದ್ದು ಸಂಜೆ ಕೆಡುವುದು, ಬೇರೆ ಜಾತಿಯದು. ಬಹಳ ಸಲ ಕಾರಣ ಸಿಕ್ಕಿ ಅದನ್ನು ಸರಿ ಮಾಡಿದರೆ ಇಳಿಯುತ್ತದೆ. ಸಂಜೆ ಹೊತ್ತು ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ ನೋಡಿ: ಶನಿವಾರ, ಶುಕ್ರವಾರ, ಗುರುವಾರ ಅಂತ. ಬೆಳಿಗ್ಗೆ ಹೇಳಿದವರು ಸಂಜೆ ನಡುವೆ ಎಲ್ಲೋ ತಪ್ಪಿಹೋದರೆ ಅದನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ.

ಸ್ಕ್ಯಾನ್, ರಕ್ತ ಪರೀಕ್ಷೆ ಆದ ಮೇಲೆ ನಿಮ್ಮ ಮನೋವೈದ್ಯರ ಹತ್ತಿರ ಹೋಗಿ, ಬೇರೆಯವರ ಹತ್ತಿರ ಅಲ್ಲ, ಶುರು ಮಾಡಿದವರ ಹತ್ತಿರವೇ. ಜಗಳ ಮಾಡಲು ಅಲ್ಲ. ಅವರು ಕ್ವೆಟಿಯಾಪಿನ್ ಕಡಿಮೆ ಮಾಡಬಹುದು ಅಥವಾ ತೆಗೆಯಬಹುದು, ಸೋಡಿಯಂ ಇಳಿದಿದ್ದರೆ ಎಸ್ಸಿಟಾಲೊಪ್ರಾಮ್ ಬದಲು ಮಿರ್ಟಜಪೈನ್ ಥರದ್ದು ಯೋಚಿಸಬಹುದು, ಬಿಪಿ ಡಾಕ್ಟರಿಗೆ ಒಂದು ಚೀಟಿ ಬರೆಯಬಹುದು. ಅವ್ವನ ದುಃಖಕ್ಕೆ, ಊಟ ನಿದ್ದೆ ಬಿಟ್ಟದ್ದಕ್ಕೆ ಚಿಕಿತ್ಸೆ ಬೇಕೇ ಬೇಕು, ಅದನ್ನು ನಡುವೆ ಕೈಬಿಡಬಾರದು. ದೂರ ಆಗುತ್ತದೆ ಅನ್ನುವುದಾದರೆ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಮುಂಚೆ ವಿಚಾರಿಸಿಕೊಂಡು ಹೋಗಿ. ಮಾತ್ರೆಯ ಬಗ್ಗೆ ರಾತ್ರಿ ಹೊತ್ತು ಅನುಮಾನ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ನಿಮ್ಮ ಇನ್ನೊಂದು ಪ್ರಶ್ನೆ. ಅವ್ವ "ನಿಮ್ಮಪ್ಪ ಹೊಲದಿಂದ ಬಂದ್ರಾ?" ಅಂದಾಗ ಪ್ರತಿ ಸಂಜೆಯೂ "ಅಪ್ಪ ಸತ್ತುಹೋದ್ರು, ಮರೆತ್ಯಾ?" ಅನ್ನಬೇಡಿ. ಆ ಹೊತ್ತಿನಲ್ಲಿ ಅವರಿಗೆ ಅದು ಪ್ರತಿ ಸಲವೂ ಹೊಸ ಸುದ್ದಿ, ಮೊದಲ ಸಲ ಕೇಳಿದಷ್ಟೇ ಪೆಟ್ಟು. "ಬರ್ತಾರೆ, ಸುಮ್ನಿರು" ಅಂತ ಸುಳ್ಳು ಹೇಳುವುದೂ ಬೇಡ, ರಾತ್ರಿಯೆಲ್ಲ ಬಾಗಿಲು ನೋಡುತ್ತಾ ಕೂರುತ್ತಾರೆ. ಪಕ್ಕದಲ್ಲಿ ಕೂತುಕೊಳ್ಳಿ, ಕತ್ತಲಾಗುವ ಮೊದಲೇ ದೀಪ ಹಾಕಿ, ಕನ್ನಡಕ ಹಾಕಿಕೊಡಿ, ಕೈ ಹಿಡಿದು "ಅಪ್ಪ ನೆನಪಾದ್ರಾ ಅವ್ವ?" ಅಂತ ಕೇಳಿ. ಶೇಂಗಾ ಬಿತ್ತನೆ ಕಾಲದಲ್ಲಿ ಅಪ್ಪ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಬುತ್ತಿ ಯಾರು ಒಯ್ಯುತ್ತಿದ್ದರು ಅಂತ ಕೇಳಿ. ಅವರು ಹೇಳಲಿ, ನೀವು ಕೇಳಿಸಿಕೊಳ್ಳಿ. ಬೆಳಿಗ್ಗೆ ಮನಸ್ಸು ತಿಳಿಯಾಗಿದ್ದಾಗ ಅವರಾಗಿಯೇ ಕೇಳಿದರೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ, ನಿಧಾನವಾಗಿ ಹೇಳಿ, ಅತ್ತರೆ ಅಳಲು ಬಿಡಿ. ಸಂಜೆ ಅವರು ಕೇಳಿದ ಹೊತ್ತನ್ನು ಮಾತ್ರ ಮರೆಯದೆ ಬರೆದಿಟ್ಟುಕೊಳ್ಳಿ.